ವಿದ್ಯಾರ್ಥಿಗಳ ಮನಃಸ್ವಾಸ್ಥ್ಯವೂ ಹಿರಿಯರ ಕರ್ತವ್ಯವೂ



ದೇಹಕ್ಕೆ ಜ್ವರ ಬಂದರೆ ಹಣೆಯನ್ನು ಮುಟ್ಟಿ ತಿಳಿಯಬಹುದು. ಮನಸ್ಸಿನ ತಾಪವನ್ನಾದರೋ ಹತ್ತಿರ ಕುಳಿತು ಕೇಳಿಯೇ ತಿಳಿಯಬೇಕು. ಕೋವಿಡ್ ಮಹಾಮಾರಿಯ ಕಾಲವು ಕಲಿಸಿದ ಪಾಠಗಳಲ್ಲಿ ಇದು ಮುಖ್ಯವಾದುದು.

೨೦೨೦ನೆಯ ಇಸವಿ ಮಾರ್ಚ್ ೨೫ರಿಂದ ದೇಶವೆಲ್ಲವೂ ಬಾಗಿಲು ಮುಚ್ಚಿತು. ಕರ್ನಾಟಕದ ವಿಶ್ವವಿದ್ಯಾನಿಲಯಗಳ ತರಗತಿಗಳು ಅದಕ್ಕೂ ಮೊದಲೇ ನಿಂತಿದ್ದವು. ವಿದ್ಯಾರ್ಥಿನಿಲಯಗಳು ಬರಿದಾದವು, ಪಾಠವು ಅಂಗೈಯಗಲದ ಮೊಬೈಲಿನೊಳಗೆ ಸೇರಿತು. ನೆಟ್‌ವರ್ಕ್ ಸಿಕ್ಕದ ಹಳ್ಳಿಗಳಲ್ಲಿ ಗುಡ್ಡವನ್ನೇರಿ ಪಾಠ ಕೇಳಿದವರೂ ಉಂಟು. ಅಂತಿಮ ವರ್ಷದ ಪರೀಕ್ಷೆಯು ನಡೆಯುವುದೋ ಇಲ್ಲವೋ ಎಂಬ ಸಂಶಯವು ಆಗಸ್ಟ್ ೨೮ರಂದು ಸರ್ವೋಚ್ಚ ನ್ಯಾಯಾಲಯದ ತೀರ್ಪು ಹೊರಡುವವರೆಗೂ ಬಗೆಹರಿಯಲಿಲ್ಲ. ೨೦೨೧ರ ಎರಡನೆಯ ಅಲೆಯಲ್ಲಂತೂ ಅನೇಕರು ತಮ್ಮವರ ಅಂತ್ಯದರ್ಶನಕ್ಕೂ ಎರವಾದರು.

ಇಂತಹ ಕಾಲದಲ್ಲಿ ತರುಣರಿಗೆ ನಿದ್ರೆ ಕೆಟ್ಟಿತು, ಓದು ಹತ್ತದಾಯಿತು, ಮಾತು ಕಡಮೆಯಾಯಿತು. ಅದನ್ನು ಕಂಡ ಹಿರಿಯರಲ್ಲಿ ಕೆಲವರು ಸೋಮಾರಿತನವೆಂದರು. ಕೆಲವರು ‘ಮನಸ್ಸಿದ್ದರೆ ಮಾರ್ಗ’ವೆಂದು ಬುದ್ಧಿ ಹೇಳಿದರು. ಆ ಮನಸ್ಸೇ ಬಳಲಿರುವಾಗ ಮಾರ್ಗವನ್ನು ಕಾಣುವವರಾರು? ಬಳಲಿಕೆಯು ಹುಟ್ಟಿದುದು ಹೇಡಿತನದಿಂದಲ್ಲ. ದಿನಚರಿಯೂ ಗೆಳೆಯರ ಸಂಗವೂ ನಾಳಿನ ಭರವಸೆಯೂ ಏಕಕಾಲದಲ್ಲಿ ಕಡಿದುಹೋದುದರಿಂದ.

ಆದುದರಿಂದ ಹಿರಿಯರು ಮಾಡತಕ್ಕುದು ಮೂರು. ಮೊದಲನೆಯದು, ನಿಂದಿಸದೆ ಕಿವಿಗೊಡುವುದು. ಎರಡನೆಯದು, ನಿದ್ರೆ, ಊಟ, ಓದು, ಕಾಯಕಗಳಿಗೆ ಹೊತ್ತು ಗೊತ್ತುಗಳನ್ನು ಮರಳಿ ಕೂಡಿಸುವುದು. ಮೂರನೆಯದು, ದುಃಖವು ವಾರಗಟ್ಟಲೆ ಬಿಡದಿದ್ದರೆ ನಾಚಿಕೆಯಿಲ್ಲದೆ ವೈದ್ಯರಲ್ಲಿಗೆ ಕರೆದೊಯ್ಯುವುದು. ಬದುಕೇ ಬೇಡವೆಂಬ ಮಾತು ಬಾಯಿಂದ ಬಂದರಂತೂ ಒಂದು ದಿನವೂ ತಡೆಯಲಾಗದು; ಅಂಥವರನ್ನು ಒಂಟಿಯಾಗಿ ಬಿಡಲೂ ಆಗದು. ೨೦೨೨ರ ಅಕ್ಟೋಬರ್ ೧೦ರಂದು ಕೇಂದ್ರ ಸರಕಾರವು ಆರಂಭಿಸಿದ ‘ಟೆಲಿ ಮಾನಸ್’ ಸೇವೆಯಲ್ಲಿ ೧೪೪೧೬ಕ್ಕೆ ಕರೆ ಮಾಡಿದರೆ ಹಗಲಿರುಳೂ ಕನ್ನಡದಲ್ಲಿಯೇ ಸಲಹೆ ದೊರೆಯುವುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇದರ ಮುಖ್ಯ ಕೇಂದ್ರವಾಗಿದೆ.

ಮಹಾಮಾರಿಯು ಹಿಂದೆ ಸರಿದಿದೆ. ತರುಣರ ಮನೋವ್ಯಥೆಯು ಅದರೊಡನೆಯೇ ಹೊರಟುಹೋಯಿತೆಂದು ತಿಳಿಯಲಾಗದು. ಪ್ರಸಾದನಿಲಯಗಳಲ್ಲಿ ಹಸಿದ ಹುಡುಗನಿಗೆ ಅನ್ನವಿಕ್ಕುವುದು ಮಠಗಳ ಹಿರಿಯ ಸಂಪ್ರದಾಯ. ಉಣ್ಣದೆ ಎದ್ದು ಹೋದ ಹುಡುಗನನ್ನು ‘ಏಕಪ್ಪಾ, ಏನಾಯಿತು?’ ಎಂದು ಕೇಳುವುದೂ ದಾಸೋಹವೇ ಸರಿ. ಆ ಒಂದು ಮಾತು ಒಂದು ಜೀವವನ್ನು ಉಳಿಸಬಲ್ಲುದು.