ಹಬ್ಬದ ಕರಪತ್ರ, ಎಣ್ಣೆಯ ಪೊಟ್ಟಣ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಮುಂಗಾರಿನ ಶೇಂಗಾ ಕಿತ್ತು ಒಣಗಿಸುವ ಹೊತ್ತಿಗೇ ದೀಪಾವಳಿ ಬರುತ್ತದೆ. ಅದೇ ವಾರ ಹೊಸಪೇಟೆ, ದಾವಣಗೆರೆಗಳ ಸೂಪರ್‌ಮಾರ್ಕೆಟ್‌ಗಳ ಬಣ್ಣದ ಕರಪತ್ರಗಳು ದಿನಪತ್ರಿಕೆಯ ಮಡಿಕೆಯಲ್ಲಿ ಅಡಗಿ ಮನೆಬಾಗಿಲಿಗೆ ಬರುತ್ತವೆ. (ಹರಪನಹಳ್ಳಿಯು 1997ರಿಂದೀಚೆಗೆ ದಾವಣಗೆರೆ, ಬಳ್ಳಾರಿ, ವಿಜಯನಗರ ಎಂದು ಮೂರು ಜಿಲ್ಲೆಗಳನ್ನು ಕಂಡಿದೆ, ಕರಪತ್ರಕ್ಕೆ ಜಿಲ್ಲೆಯ ಗಡಿ ತಿಳಿಯದು.) ಅವುಗಳಲ್ಲಿ ದೊಡ್ಡ ಅಕ್ಷರದ ರಿಯಾಯಿತಿ ಹೆಚ್ಚಾಗಿ ಅಡುಗೆ ಎಣ್ಣೆಗೇ ಮೀಸಲು.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಆ ಬರದ ಸಾಲ ತೀರುವ ಮೊದಲೇ 2024ರ ದೀಪಾವಳಿ ಬಂದಿತು. ಅಕ್ಟೋಬರ್ ತಿಂಗಳಲ್ಲಿ ದೇಶದ ಆಹಾರ ಹಣದುಬ್ಬರ ಶೇ. 10.87 ಇದ್ದಿತು. ಸೆಪ್ಟೆಂಬರ್ 14ರಿಂದ ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಗಳ ಆಮದು ಸುಂಕವು ಶೇ. 5.5ರಿಂದ 27.5ಕ್ಕೆ ಏರಿತ್ತು. ಎಣ್ಣೆಕಾಳು ಬೆಳೆಗಾರನಿಗೆ ಉತ್ತಮ ಬೆಲೆ ದೊರೆಯಲೆಂಬುದೇ ಸುಂಕದ ಉದ್ದೇಶ. ಆದರೆ ಆ ಬೆಳೆಗಾರನ ಮನೆಯಲ್ಲೂ ಕರ್ಚಿಕಾಯಿ ಕರಿಯುವುದು ಪೊಟ್ಟಣದ ಎಣ್ಣೆಯಲ್ಲಿ. ದೇಶ ಬಳಸುವ ಖಾದ್ಯತೈಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುವುದೆಂಬುದನ್ನು ಯಾವ ಕರಪತ್ರವೂ ಹೇಳುವುದಿಲ್ಲ.

ಕರಪತ್ರ ಹೇಳದ ಇನ್ನೊಂದು ಸಂಗತಿ ತೂಕ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಪೊಟ್ಟಣಗಳು ಇಂತಿಷ್ಟೇ ಅಳತೆಯಲ್ಲಿರಬೇಕೆಂಬ ಪಟ್ಟಿಯು 2021ರ ತಿದ್ದುಪಡಿಯಿಂದ ರದ್ದಾಯಿತು. ಹಾಗಾಗಿ ನೋಡಲು ಒಂದೇ ಗಾತ್ರವೆನಿಸುವ ಪೊಟ್ಟಣದಲ್ಲಿ 800 ಗ್ರಾಂ ಇರಬಹುದು, 850 ಇರಬಹುದು. ಲೆಕ್ಕಕ್ಕಾಗಿ 910 ಗ್ರಾಮಿಗೆ 140 ರೂಪಾಯಿ ಎಂದುಕೊಳ್ಳಿ. ಪಕ್ಕದಲ್ಲಿ 800 ಗ್ರಾಮಿನ ಪೊಟ್ಟಣ 128 ರೂಪಾಯಿಗೆ, 'ಹಬ್ಬದ ಕೊಡುಗೆ' ಎಂಬ ಹೆಸರಿನಲ್ಲಿ. ಹನ್ನೆರಡು ರೂಪಾಯಿ ಉಳಿದಂತೆ ತೋರುತ್ತದೆ. ನ್ಯಾಯವಾಗಿ ಅದರ ಬೆಲೆ 123. ಅಂದರೆ ಕೊಂಡವಳು ಐದು ರೂಪಾಯಿ ಹೆಚ್ಚೇ ಕೊಟ್ಟಳು. ಅದೇ ತಿದ್ದುಪಡಿಯು ಪೊಟ್ಟಣದ ಮೇಲೆ ಗ್ರಾಂ ಅಥವಾ ಮಿಲಿಲೀಟರ್ ಒಂದರ ದರವನ್ನು ಮುದ್ರಿಸಬೇಕೆಂದೂ ವಿಧಿಸಿದೆ. ಅದು ಸಣ್ಣ ಅಕ್ಷರದಲ್ಲಿರುತ್ತದೆ, ಆದರೆ ಇರುತ್ತದೆ. ಸ್ವಸಹಾಯ ಸಂಘದ ಸಭೆಯಲ್ಲಿ ನಾಲ್ಕು ಪೊಟ್ಟಣಗಳನ್ನು ಮುಂದಿಟ್ಟು ಈ ದರವನ್ನು ಓದಿ ಹೋಲಿಸುವುದು ಅರ್ಧ ಗಂಟೆಯ ಕೆಲಸ.

ಹಾಗಾದರೆ ಊರಿನ ಶೇಂಗಾ ಎಣ್ಣೆಯೇ ಅಗ್ಗವೇ? ಅಲ್ಲ, ಪರಿಸರದವರು ಇದನ್ನು ಮರೆಮಾಚಬಾರದು. ಒಂದು ಕ್ವಿಂಟಲ್ ಕಾಯಿ ಸುಲಿದರೆ ಸುಮಾರು 70 ಕಿಲೋ ಬೀಜ, ಗಾಣದಲ್ಲಿ ಅದರಿಂದ ಸುಮಾರು 28 ಕಿಲೋ ಎಣ್ಣೆ. 2024-25ರ ಬೆಂಬಲ ಬೆಲೆ ಕ್ವಿಂಟಲಿಗೆ 6,783 ರೂಪಾಯಿ. ಈ ಲೆಕ್ಕದಲ್ಲಿ ಕಿಲೋ ಎಣ್ಣೆಗೆ ಕಾಯಿಯ ಖರ್ಚೇ 240 ದಾಟುತ್ತದೆ. ಸುಮಾರು 40 ಕಿಲೋ ಹಿಂಡಿಯ ಬೆಲೆ ಕಳೆದರೂ ತಾಳೆ ಎಣ್ಣೆಗಿಂತ ದುಬಾರಿಯೇ. ಆದರೆ ಆ ಹಿಂಡಿ ಎಮ್ಮೆಯ ಬಾಯಿಗೆ ಹೋಗುತ್ತದೆ, ಸೆಗಣಿಯಾಗಿ ಹೊಲಕ್ಕೆ ಮರಳುತ್ತದೆ. ಕಾಯಿ ಮಾರಿದ ರೈತ ಅದೇ ಹಿಂಡಿಯನ್ನು ಬೇಸಿಗೆಯಲ್ಲಿ ಅಂಗಡಿಯಿಂದ ತರುತ್ತಾನೆ. ವರ್ಷದ ಎಣ್ಣೆಗೆ ಸಾಕಾಗುವಷ್ಟು, ಒಂದೇ ಕ್ವಿಂಟಲನ್ನಾದರೂ, ಗಾಣಕ್ಕೆ ಉಳಿಸಿಕೊಳ್ಳಲು ಅವನಿಗೆ ಇಷ್ಟವಿಲ್ಲವೆಂದಲ್ಲ. ಬೀಜ, ಗೊಬ್ಬರಕ್ಕೆ ಮುಂಗಡ ಕೊಟ್ಟ ವ್ಯಾಪಾರಿಯ ಗಡುವು ಹಬ್ಬಕ್ಕೆ ಮೊದಲೇ ಬಂದಿರುತ್ತದೆ.