ದುಡ್ಡು ಕೊಟ್ಟು ಕಾದಂಬರಿಕಾರರಾಗಬೇಡಿ
(ಯುವ ಬರಹಗಾರರ ಕೂಟದಲ್ಲಿ ಮಾಡಿದ ಭಾಷಣ)



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಿಂದ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಬಂದವರು ನಿಮ್ಮಲ್ಲಿ ಬಹಳ ಮಂದಿ ಇದ್ದೀರಿ. ಹಗಲು ದುಡಿದು, ರಾತ್ರಿ ಬಾಡಿಗೆ ಕೋಣೆಯಲ್ಲಿ ಕೂತು ಕಾದಂಬರಿ ಬರೆಯುತ್ತೀರಿ. ಹಸ್ತಪ್ರತಿ ಹಿಡಿದು ಹೋದರೆ ಕೇಳುವ ಮಾತು ಎರಡು. ಒಂದು, "ಅಚ್ಚಿನ ಖರ್ಚು ನೀವೇ ಕೊಡಿ." ಎರಡು, "ನಿಮ್ಮ ಕಡೆಯ ಭಾಷೆ ಇಲ್ಲಿಯವರಿಗೆ ತಿಳಿಯೋದಿಲ್ಲ, ತಿದ್ದಿ ತನ್ನಿ." ನನಗೂ ಹೀಗೇ ಹೇಳಿದ್ದರು. ನಾನು ಒಪ್ಪಲಿಲ್ಲ. ನೀವೂ ಒಪ್ಪಬೇಡಿ!

ಮೊದಲು ಭಾಷೆಯ ಮಾತು. ಆಗಿನ ಇಂಡಿ ತಾಲ್ಲೂಕಿನ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬರಂಥ ಗೆಳೆಯರು ಹಳ್ಳಿಯ ಹೆಣ್ಣುಮಕ್ಕಳು ಬೀಸುತ್ತ ಹಾಡಿದ್ದನ್ನು ಬರೆದುಕೊಂಡರು. 1931ರಲ್ಲಿ 'ಗರತಿಯ ಹಾಡು' ಬಂತು. ಆ ಮಾತನ್ನು ನಾಡೆಲ್ಲ ಸಾಹಿತ್ಯವೆಂದು ಒಪ್ಪಿತು. ರಾವ್‌ಬಹಾದ್ದೂರರ 'ಗ್ರಾಮಾಯಣ' ಉತ್ತರ ಕರ್ನಾಟಕದ ಹಳ್ಳಿಯದೇ ಮಾತಾಡುತ್ತದೆ. ಅದು ಕನ್ನಡದ ದೊಡ್ಡ ಕಾದಂಬರಿಗಳಲ್ಲೊಂದು. ಕಾಗುಣಿತದ ತಪ್ಪು ಬೇರೆ, ನಮ್ಮ ನುಡಿ ಬೇರೆ. ತಪ್ಪನ್ನು ತಿದ್ದಲಿ, ನುಡಿಯನ್ನು ಮುಟ್ಟಕೂಡದು.

ಇನ್ನು ದುಡ್ಡಿನ ಮಾತು. ಬಿಜಾಪುರದಲ್ಲಿ ಫ.ಗು. ಹಳಕಟ್ಟಿಯವರು ಮನೆ ಮಾರಿ ಮುದ್ರಣಾಲಯ ಹಾಕಲಿಲ್ಲವೇ ಎನ್ನುತ್ತೀರಿ. ಹಾಕಿದರು, ಶರಣರ ವಚನಗಳಿಗಾಗಿ. ತಮ್ಮ ಹೆಸರಿಗಾಗಿ ಅಲ್ಲ. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಕಟ್ಟಿದ ಮನೋಹರ ಗ್ರಂಥಮಾಲೆ ಓದುಗರ ಚಂದಾದಿಂದ ಬೆಳೆಯಿತು. ಅನಂತಮೂರ್ತಿಯವರ ಮೊದಲ ಕಾದಂಬರಿ 'ಸಂಸ್ಕಾರ' 1965ರಲ್ಲಿ ಅಲ್ಲಿಂದಲೇ ಬಂತು. ಪ್ರಕಾಶಕ ಎಂದರೆ ಬಂಡವಾಳ ಹಾಕುವವನು. ಲೇಖಕನ ಹತ್ತಿರ ಹಣ ಕೇಳುವವನು ಬರೀ ಮುದ್ರಕ!

ಹಾಗಾದರೆ ಮಾಡುವುದೇನು? ಕಾದಂಬರಿಗಳನ್ನೇ ತರುವ ಪ್ರಕಾಶಕರು ಯಾರೆಂದು ಪುಸ್ತಕದಂಗಡಿಯಲ್ಲಿ ನಿಂತು ನೋಡಿ. ಕಥಾಸಾರದ ಜೊತೆ ಮೊದಲ ಮೂರು ಅಧ್ಯಾಯ ಕಳಿಸಿ. ಮೂಲಪ್ರತಿ ನಿಮ್ಮಲ್ಲೇ ಇರಲಿ. ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕಾದೀತು. ಅಷ್ಟರಲ್ಲಿ ಮುಂದಿನದನ್ನು ಬರೆಯಿರಿ. ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಧನಸಹಾಯದ ಯೋಜನೆಯಿದೆ, ಅದರ ಪ್ರಕಟಣೆಯ ಮೇಲೂ ಕಣ್ಣಿಡಿ.

ಒಪ್ಪಿಗೆ ಬಂದರೆ ಖುಷಿಯಲ್ಲಿ ಕುರುಡಾಗಿ ಸಹಿ ಹಾಕಬೇಡಿ. ಎಷ್ಟು ಪ್ರತಿ, ಎಷ್ಟು ಗೌರವಧನ, ಎಷ್ಟು ವರ್ಷ, ಎಲ್ಲವೂ ಕಾಗದದ ಮೇಲಿರಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ, ನಿಮ್ಮ ಸಹಿಯಿರುವ ಬರಹವಿಲ್ಲದೆ ಹಕ್ಕಿನ ವರ್ಗಾವಣೆ ಊರ್ಜಿತವಲ್ಲ. ಅವಧಿ ಬರೆಯದಿದ್ದರೆ ಅದು ಐದೇ ವರ್ಷ. ಸಿನಿಮಾ, ಅನುವಾದ, ಇ-ಪುಸ್ತಕ, ಧ್ವನಿಪುಸ್ತಕದ ಹಕ್ಕುಗಳನ್ನು ಬೇರೆಬೇರೆಯಾಗಿ ಮಾತಾಡಿ.

ಕೊನೆಗೊಂದು ಮಾತು. ಕೊಳ್ಳುವವರಿಲ್ಲದೆ ಪ್ರಕಾಶಕ ಬಂಡವಾಳ ಹಾಕುವುದು ಹೇಗೆ? ನಿಮ್ಮ ಕಾದಂಬರಿಯನ್ನು ನಾಡು ಕೊಳ್ಳಬೇಕೆನ್ನುವ ನೀವು ಈ ವರ್ಷ ಎಷ್ಟು ಕನ್ನಡ ಕಾದಂಬರಿ ಕೊಂಡಿರಿ? ಇವತ್ತು ಮನೆಗೆ ಹೋಗುವಾಗ ಒಂದಾದರೂ ಕೊಂಡುಕೊಂಡೇ ಹೋಗಿ!