ತಿಜೋರಿಯ ಕೀಲಿ, ಕಂಪ್ಯೂಟರಿನ ಕೀಲಿ
(ಜೋರಾಪುರ ಪೇಟೆಯಲ್ಲಿ ನಡೆದ ಬೆಳ್ಳಿ ಹಬ್ಬದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾನು ಎಸ್.ಎಸ್.ಎಲ್.ಸಿ. ಕಲಿತ ಒಕ್ಕಲಿಗ. ಕಂಪ್ಯೂಟರ್ ಬಗ್ಗೆ ಇವನೇನು ಹೇಳ್ತಾನ ಅಂತ ನೀವು ನಗಬಹುದು. ಆದರೆ ನಮ್ಮ ರೋಜಕೀರ್ದಿ, ಸಾಲದ ಖಾತೆ, ಠೇವಣಿ ಎಲ್ಲವೂ ಈಗ ಆ ಪೆಟ್ಟಿಗೆಯೊಳಗೇ ಇರುವುದರಿಂದ ಅದರ ಕಾವಲು ನಿರ್ದೇಶಕರಾದ ನಮ್ಮ ಹೊಣೆ.

2025ರ ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯ ಮನಗೂಳಿಯ ಬ್ಯಾಂಕಿನಿಂದ ಸುಮಾರು 59 ಕಿಲೋ ಬಂಗಾರ ಕಳುವಾದದ್ದು ಎಲ್ಲರಿಗೂ ಗೊತ್ತು. ನಕಲಿ ಕೀಲಿ ಮಾಡಿಸಿದ್ದರೆಂದು ಪೊಲೀಸರು ಹೇಳಿದರು. ಬಂಧಿತರಲ್ಲಿ ಆ ಶಾಖೆಯ ಹಿಂದಿನ ಮ್ಯಾನೇಜರರೂ ಇದ್ದರು. ಕಂಪ್ಯೂಟರಿನ ಪಾಸ್‌ವರ್ಡ್ ಸಹ ಅಂಥದೇ ಕೀಲಿ. ನಕಲು ಮಾಡಲಿಕ್ಕೆ ಕಮ್ಮಾರನೂ ಬೇಕಿಲ್ಲ, ಒಮ್ಮೆ ಕಣ್ಣಿಗೆ ಬಿದ್ದರೆ ಸಾಕು.

ಇಲ್ಲಿ ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು. ಕಾರ್ಯದರ್ಶಿಯವರು ರಜೆಯಲ್ಲಿದ್ದಾಗ ಫೋನಿನಲ್ಲಿ ಪಾಸ್‌ವರ್ಡ್ ಕೇಳಿ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದವನು ನಾನೇ. ಎಂಟು ತಿಂಗಳು ಅದು ಅಲ್ಲೇ ಇತ್ತು. ಬೀಜ ಗೊಬ್ಬರಕ್ಕೆ ಬಂದವರೆಲ್ಲ ತಿಥಿ ನೋಡುತ್ತ ಅದನ್ನೂ ನೋಡಿದ್ದಾರು. ತಿಜೋರಿ ಕೀಲಿ ಮಾತ್ರ ಉಡದಾರಕ್ಕೆ ಕಟ್ಟಿಕೊಂಡು ಅಡ್ಡಾಡತೇವಿ!

“ನಮ್ಮ ಸಣ್ಣ ಸಂಘಕ್ಕ ಯಾರ ಬರ್ತಾರ ಬಿಡ್ರಿ” ಎನ್ನುವವರಿದ್ದಾರೆ. 2025ರ ಜನವರಿಯಲ್ಲಿ ಹೊಸಪೇಟೆಯ ಬಿಡಿಸಿಸಿ ಬ್ಯಾಂಕಿನಲ್ಲಿ ಆದದ್ದನ್ನು ಕೇಳಿರಿ. ಅದೂ ನಮ್ಮಂಥ ರೈತರದೇ ಸಹಕಾರಿ ಬ್ಯಾಂಕು. ಗ್ರಾಹಕರ ಹಣವನ್ನು ಬೇರೆ ಬ್ಯಾಂಕಿನ ಖಾತೆಗಳಿಗೆ ಕಳಿಸುವ ಯಾದಿಯಲ್ಲಿ ಕಳ್ಳರು ಹೆಸರನ್ನು ಹಾಗೇ ಬಿಟ್ಟು ಖಾತೆ ನಂಬರು, ಐಎಫ್‌ಎಸ್‌ಸಿ ಕೋಡು ಮಾತ್ರ ಬದಲಿಸಿದರು. 2.34 ಕೋಟಿ ರೂಪಾಯಿ ಹೋಯಿತು. ಹಣ ಮುಟ್ಟಿಲ್ಲವೆಂದು ಜನ ಕೇಳತೊಡಗಿದ ಮೇಲೆ ಬಯಲಾಯಿತು. ಹೆಸರು ಓದಿ ಸಹಿ ಮಾಡುವ ನಮ್ಮ ರೂಢಿ ಇಂಥಲ್ಲಿ ಏನೂ ಕೆಲಸಕ್ಕೆ ಬರುವುದಿಲ್ಲ. ಒಬ್ಬರು ನಂಬರು ಬರೆದರೆ ಇನ್ನೊಬ್ಬರು ಮೂಲ ಕಾಗದ ಹಿಡಿದು ತಾಳೆ ನೋಡಬೇಕು. ಕಳಿಸಿದ ಮೇಲೂ ಅದೇ ಸಂಜೆ ಹಣ ಯಾವ ಖಾತೆಗೆ ಮುಟ್ಟಿತೆಂದು ಬ್ಯಾಂಕಿನ ಲೆಕ್ಕದೊಂದಿಗೆ ಹೊಂದಿಸಬೇಕು.

ನಮ್ಮ ತಪ್ಪಿಲ್ಲದೆಯೂ ಪೆಟ್ಟು ಬೀಳಬಹುದು. 2024ರ ಜುಲೈ ಕೊನೆಗೆ ಸಿ-ಎಡ್ಜ್ ಎಂಬ ಕಂಪನಿಗೆ ಕಡತ ಒತ್ತೆ ಹಿಡಿಯುವ ವೈರಸ್ಸು ಹೊಕ್ಕು, ಅದನ್ನು ನಂಬಿದ್ದ ಸುಮಾರು 300 ಸಣ್ಣ ಬ್ಯಾಂಕುಗಳ ಹಣ ಪಾವತಿ ನಿಂತಿತು. ಬೆಂಕಿ ಬಿದ್ದದ್ದು ಪಕ್ಕದ ಹೊಲಕ್ಕೆ, ಬಣವಿ ಸುಡುವ ಹೆದರಿಕೆ ನಮಗೆ! ಸಾಫ್ಟ್‌ವೇರ್ ಕೊಟ್ಟವರನ್ನು ಕರೆಸಿ, ನಮ್ಮ ಲೆಕ್ಕದ ಪ್ರತಿ ಎಲ್ಲಿದೆ, ಎಷ್ಟು ದಿನದಲ್ಲಿ ಮರಳಿ ಕೊಡುತ್ತೀರಿ ಎಂದು ಬರೆಸಿಕೊಳ್ಳಬೇಕು. ನಮ್ಮದೂ ಒಂದು ಪ್ರತಿಯನ್ನು ಕಂಪ್ಯೂಟರಿಗೆ ಜೋಡಿಸದೆ ಬೇರೆ ಕಟ್ಟಡದಲ್ಲಿ ಇಡಬೇಕು. ಜೋಡಿಸಿಟ್ಟರೆ ವೈರಸ್ಸು ಅದನ್ನೂ ತಿನ್ನುತ್ತದೆ. ಮೂರು ತಿಂಗಳಿಗೊಮ್ಮೆ ತೆರೆದು ನೋಡದಿದ್ದರೆ ಹುಳ ಬಿದ್ದ ಬಿತ್ತನೆ ಜೋಳ ಇಟ್ಟುಕೊಂಡಂತೆ.

ಹಣ ಹೋದದ್ದು ಗೊತ್ತಾದ ಕೂಡಲೇ 1930ಕ್ಕೆ ಫೋನು ಮಾಡಬೇಕು, ಬ್ಯಾಂಕಿಗೂ ತಿಳಿಸಬೇಕು. ಮರ್ಯಾದೆ ಹೋಗುತ್ತದೆಂದು ಮೀಟಿಂಗಿನವರೆಗೆ ಮುಚ್ಚಿಟ್ಟರೆ ಹಣ ಹತ್ತು ಖಾತೆ ದಾಟಿರುತ್ತದೆ. ಕಣ್ತಪ್ಪಾಯಿತೆಂದು ತಾವಾಗಿ ಬಂದು ಹೇಳಿದ ನೌಕರರನ್ನು ಬೈಯಬಾರದೆಂದು ನನ್ನ ಸ್ಪಷ್ಟ ಅಭಿಪ್ರಾಯ.

ಒಬ್ಬೊಬ್ಬ ನೌಕರರಿಗೆ ಬೇರೆ ಬೇರೆ ಪಾಸ್‌ವರ್ಡ್, ಕೆಲಸ ಬಿಟ್ಟವರದು ಅದೇ ದಿನ ಬಂದ್, ಇದಕ್ಕೆಲ್ಲ ವರ್ಷದ ಅಂದಾಜು ಪತ್ರಿಕೆಯಲ್ಲಿ ಪ್ರತ್ಯೇಕ ಹಣ: ಇಷ್ಟನ್ನು ಠರಾವಿನ ರೂಪದಲ್ಲಿ ಬರೆದು ಅಧ್ಯಕ್ಷರ ಕೈಗೆ ಕೊಟ್ಟಿದ್ದೇನೆ. ಸಾಮಾನ್ಯ ಸಭೆಯಲ್ಲಿ ಅದು ಬಂದಾಗ ತಾವು ಖರ್ಚು ಜಾಸ್ತಿಯಾಯಿತೆಂದು ತಳ್ಳಿಹಾಕಬಾರದೆಂದು ಕೈಮುಗಿದು ಕೇಳುತ್ತೇನೆ. ಕ್ಯಾಲೆಂಡರನ್ನು ನಾನು ಆಗಲೇ ತೆಗೆದಿದ್ದೇನೆ.

ಜೈ ಸಹಕಾರ.